ಮ್ಯೂಟ್ ಒತ್ತಿದರೆ ಮೌನವಾದೀತೇ? ಜೂಮ್‌ಗೆ ಬಂದ ಕ್ವೇಕರ್ ಆರಾಧನೆ

2020ರ ಮಾರ್ಚ್ ಕೊನೆಯಲ್ಲಿ ಬ್ರಿಟನ್‌ಗೆ ಲಾಕ್‌ಡೌನ್ ಬಂದಾಗ ಅಲ್ಲಿನ ಚರ್ಚುಗಳಿಗೆಲ್ಲ ಬೀಗ ಬಿತ್ತು. ಪಾದ್ರಿಗಳಿಗೆ ತಲೆನೋವು ಒಂದೆರಡಲ್ಲ. ರೊಟ್ಟಿ, ದ್ರಾಕ್ಷಾರಸದ ಪ್ರಸಾದವನ್ನು ಪರದೆಯ ಮೂಲಕ ಹಂಚುವುದು ಹೇಗೆ? ಮಗುವಿಗೆ ದೀಕ್ಷಾಸ್ನಾನ ಮಾಡಿಸುವುದು ಹೇಗೆ? ಗಾಯಕವೃಂದ ಹಾಡುವುದು ಹೇಗೆ? ಕ್ವೇಕರ್ ಎಂಬ ಕ್ರೈಸ್ತ ಪಂಥದ ಅಲ್ಲಿನವರಿಗೆ ಈ ಯಾವ ಚಿಂತೆಯೂ ಇರಲಿಲ್ಲ. ಅವರಲ್ಲಿ ಪಾದ್ರಿಯಿಲ್ಲ, ಬಲಿಪೀಠವಿಲ್ಲ, ಪ್ರಸಾದವಿಲ್ಲ, ಹಾಡಿಲ್ಲ, ಮೊದಲೇ ಬರೆದಿಟ್ಟ ಪ್ರಾರ್ಥನೆಯೂ ಇಲ್ಲ. ಭಾನುವಾರ ಬೆಳಗ್ಗೆ ಒಂದು ಗಂಟೆ ಎಲ್ಲರೂ ಸುಮ್ಮನೆ ಕೂರುತ್ತಾರೆ, ಅಷ್ಟೇ.

ಹಾಗಾದರೆ ಅದಕ್ಕೆ ಜೂಮ್ ಯಾಕೆ? ಅವರವರ ಮನೆಯಲ್ಲಿ ಅವರವರೇ ಸುಮ್ಮನೆ ಕೂತರೆ ಆಯಿತಲ್ಲ? ಕೇಳಿದರೆ ನಗು ಬರುವ ಪ್ರಶ್ನೆ ಇದು. ಆದರೆ ಕ್ವೇಕರರೇ ಇದನ್ನು ತಮಗೆ ತಾವು ಗಂಭೀರವಾಗಿ ಕೇಳಿಕೊಂಡರು. ಕೆಲವರು ನಿಜಕ್ಕೂ ಹಾಗೆಯೇ ಮಾಡಿದರು, ಸಭೆಯ ಸಮಯಕ್ಕೆ ಸರಿಯಾಗಿ ತಮ್ಮ ಮನೆಯ ಕುರ್ಚಿಯಲ್ಲಿ ಒಬ್ಬರೇ ಕೂತರು. ಹೆಚ್ಚಿನವರಿಗೆ ಅದು ಸಾಲಲಿಲ್ಲ. ಯಾಕೆ ಸಾಲಲಿಲ್ಲ ಎಂದು ತಿಳಿಯಬೇಕಾದರೆ ಈ ಮೌನ ಎಂಥದ್ದು ಎಂಬುದನ್ನು ಮೊದಲು ನೋಡಬೇಕು.

ನಮ್ಮ ಓದುಗರಿಗೆ ಕ್ವೇಕರರು ಅಷ್ಟೇನೂ ಅಪರಿಚಿತರಲ್ಲ. ದಂಡಿ ಯಾತ್ರೆಗೆ ಮುಂಚೆ, 1930ರ ಮಾರ್ಚ್‌ನಲ್ಲಿ, ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ ಬರೆದ ಪತ್ರವನ್ನು ದೆಹಲಿಗೆ ಮುಟ್ಟಿಸಿದ ಇಂಗ್ಲಿಷ್ ತರುಣ ರೆಜಿನಾಲ್ಡ್ ರೆನಾಲ್ಡ್ಸ್ ಕ್ವೇಕರ್. 1947ರ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಬ್ರಿಟನ್ ಮತ್ತು ಅಮೆರಿಕದ ಎರಡು ಕ್ವೇಕರ್ ಸೇವಾ ಸಂಸ್ಥೆಗಳಿಗೆ. ಪಂಥದ ಅಧಿಕೃತ ಹೆಸರು ರಿಲಿಜಿಯಸ್ ಸೊಸೈಟಿ ಆಫ್ ಫ್ರೆಂಡ್ಸ್. ತಮ್ಮನ್ನು ತಾವು ಅವರು ಫ್ರೆಂಡ್ಸ್ ಎಂದೇ ಕರೆದುಕೊಳ್ಳುತ್ತಾರೆ. 17ನೇ ಶತಮಾನದ ಇಂಗ್ಲೆಂಡ್, ಅಂತರ್ಯುದ್ಧದಿಂದ ತತ್ತರಿಸಿದ್ದ ಕಾಲ. ಜಾರ್ಜ್ ಫಾಕ್ಸ್ ಎಂಬ ಲೆಸ್ಟರ್‌ಶೈರ್‌ನ ಯುವಕ ಊರೂರು ಅಲೆದು, ದೇವರ ಮಾತು ಕೇಳಲು ನಡುವೆ ಪುರೋಹಿತ ಬೇಕಿಲ್ಲ, ಪ್ರತಿಯೊಬ್ಬರೊಳಗೂ ಒಂದು ಬೆಳಕಿದೆ, ಅದರೆದುರು ಕಾದು ಕೂರಿ ಎಂದು ಸಾರಿದ. 1652ರ ಹೊತ್ತಿಗೆ ಉತ್ತರ ಇಂಗ್ಲೆಂಡಿನಲ್ಲಿ ಅದು ಚಳವಳಿಯಾಗಿ ಬೆಳೆಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಂದು ಜಗತ್ತಿನಲ್ಲಿರುವ ಸುಮಾರು ನಾಲ್ಕು ಲಕ್ಷ ಕ್ವೇಕರರಲ್ಲಿ ಮೌನಸಭೆಯವರು ಅಲ್ಪಸಂಖ್ಯಾತರು. ಕ್ವೇಕರರು ಅತಿ ಹೆಚ್ಚು ಇರುವ ದೇಶ ಕೀನ್ಯಾ. 1902ರಲ್ಲಿ ಅಲ್ಲಿನ ಕೈಮೋಸಿಯಲ್ಲಿ ಶುರುವಾದ ಮಿಷನ್‌ನಿಂದ ಹಬ್ಬಿದ ಆ ಶಾಖೆಯಲ್ಲಿ ಪಾಸ್ಟರ್ ಇದ್ದಾರೆ, ಪ್ರವಚನ ಇದೆ, ಜೋರು ಹಾಡೂ ಇದೆ. ಪ್ರವಚನವನ್ನು ನೇರಪ್ರಸಾರ ಮಾಡುವುದು ಎಲ್ಲ ಚರ್ಚುಗಳೂ ಮಾಡಿದ ಕೆಲಸ, ಅದರಲ್ಲಿ ವಿವರಿಸುವಂಥದ್ದು ಹೆಚ್ಚಿಲ್ಲ. ಆದ್ದರಿಂದ ಬ್ರಿಟನ್‌ನಲ್ಲಿ ಮತ್ತು ಅಮೆರಿಕದ ಒಂದು ಭಾಗದಲ್ಲಿ ಉಳಿದುಕೊಂಡಿರುವ ಮೌನಸಭೆಯ ಬಗ್ಗೆಯೇ ಈ ಲೇಖನ.

ಒಟ್ಟಿಗೆ ಕಾಯುವುದು

ಕ್ವೇಕರ್ ಸಭೆಯ ಮೌನವನ್ನು ಧ್ಯಾನ ಎಂದುಕೊಂಡರೆ ಅರ್ಧ ತಪ್ಪಿದ ಹಾಗೆ. ಹತ್ತು ಜನ ಒಂದೇ ಹಾಲ್‌ನಲ್ಲಿ ವಿಪಶ್ಯನಕ್ಕೆ ಕೂತರೂ ಸಾಧನೆ ಅವರವರದೇ. ಕ್ವೇಕರರ ಮೌನದಲ್ಲಿ ಕಾಯುವುದು ಇಡೀ ಗುಂಪು. ಒಳಗೇನೋ ಕದಲಿ, ಅದನ್ನು ಹೇಳಲೇಬೇಕು ಎಂಬ ಒತ್ತಡ ಯಾರಲ್ಲಾದರೂ ಹುಟ್ಟಿದರೆ ಅವರು ಎದ್ದು ನಿಂತು ಕೆಲವು ಮಾತು ಆಡುತ್ತಾರೆ. ಇದಕ್ಕೆ ಮಿನಿಸ್ಟ್ರಿ ಎನ್ನುತ್ತಾರೆ. ಯಾರು ಬೇಕಾದರೂ ಆಡಬಹುದು, ಮೊದಲ ಸಲ ಬಂದವರು ಕೂಡ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ವಾದಿಸುವುದಿಲ್ಲ, ತಲೆದೂಗಿ ಭೇಷ್ ಎನ್ನುವುದಿಲ್ಲ. ಮಾತು ಇಂಗಲು ಸಮಯ ಕೊಟ್ಟು ಮತ್ತೆ ಕಾಯುತ್ತಾರೆ. ಒಂದು ಗಂಟೆಯಲ್ಲಿ ಮೂವರು ಮಾತಾಡಬಹುದು, ಯಾರೂ ಮಾತಾಡದೆಯೂ ಮುಗಿಯಬಹುದು. ಕೊನೆಗೆ, ಸಭೆಯನ್ನು ನೋಡಿಕೊಳ್ಳುವ ಹೊಣೆ ಹೊತ್ತ, ಎಲ್ಡರ್ ಎನಿಸಿಕೊಂಡ ಇಬ್ಬರು ಪರಸ್ಪರ ಕೈಕುಲುಕಿದರೆ ಸಭೆ ಮುಗಿಯಿತು.

ಮಾತಾಡುವ ಮುನ್ನ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುವ ರೂಢಿ ಇದೆ. ಇದು ನನಗಷ್ಟೇ ಬೇಕಾದ ಮಾತೋ, ಎಲ್ಲರಿಗೋ? ಈಗಲೇ ಹೇಳಬೇಕೋ, ಮುಂದಿನ ವಾರಕ್ಕೂ ಉಳಿಯುವಂಥದ್ದೋ? ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ ಎಂದು ಅನೇಕರು ಹೇಳುತ್ತಾರೆ. ಪದೇ ಪದೇ ಮಾತಾಡಬೇಡಿ, ಸಭೆ ತಾನಾಗಿಯೇ ಚೆನ್ನಾಗಿ ಮುಗಿಯುತ್ತಿರುವಾಗ ಕೊನೆ ಗಳಿಗೆಯಲ್ಲಿ ಏನನ್ನೋ ಸೇರಿಸಬೇಡಿ ಎಂದು ಬ್ರಿಟನ್ ಕ್ವೇಕರರ ಸಲಹಾಸೂತ್ರಗಳು ಎಚ್ಚರಿಸುತ್ತವೆ. ಇದನ್ನು ನಮ್ಮ ಸಾಹಿತ್ಯ ಸಮ್ಮೇಳನದ ವಂದನಾರ್ಪಣೆಗೂ ಅನ್ವಯಿಸಬಹುದಿತ್ತು, ಇರಲಿ.

ಕೆಲವು ಭಾನುವಾರ ಈ ಮೌನಕ್ಕೆ ಒಂದು ತೂಕ ಬರುತ್ತದೆ. ಕೋಣೆಯಲ್ಲಿರುವ ಎಲ್ಲರಿಗೂ ಒಟ್ಟಿಗೆ ಅದು ಗೊತ್ತಾಗುತ್ತದೆ ಎನ್ನುತ್ತಾರೆ. ಅಂಥದ್ದು ಗ್ಯಾದರ್ಡ್ ಮೀಟಿಂಗ್, ಕೂಡಿಬಂದ ಸಭೆ. ಸಭೆ ಸೇರುವುದೇ ಇದಕ್ಕಾಗಿ. ಆದರೆ ಬಾ ಎಂದರೆ ಬರುವಂಥದ್ದಲ್ಲ. ಕ್ವೇಕರರ ಮೊದಲ ದೊಡ್ಡ ಧರ್ಮಶಾಸ್ತ್ರಜ್ಞ, ಸ್ಕಾಟ್ಲೆಂಡಿನ ರಾಬರ್ಟ್ ಬಾರ್ಕ್ಲೇ 1676ರಲ್ಲಿ ಲ್ಯಾಟಿನ್‌ನಲ್ಲಿ, 1678ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ತನ್ನ ಸಮರ್ಥನಾಗ್ರಂಥದಲ್ಲಿ ಇದನ್ನು ವಿವರಿಸಿದ. ಹಲವು ಮೊಂಬತ್ತಿಗಳನ್ನು ಹಚ್ಚಿ ಒಂದೇ ಕಡೆ ಇಟ್ಟರೆ ಬೆಳಕು ಹೆಚ್ಚುತ್ತದಲ್ಲ, ಹಾಗೆ, ಎಂದ. ಅದೇ ಜಾಗದಲ್ಲಿ ಇನ್ನೊಂದು ಮಾತೂ ಇದೆ: ಒಳಗೆ ನೆಲೆನಿಂತವರು ಒಬ್ಬರ ಮುಖವನ್ನೊಬ್ಬರು ಕಾಣುವುದರಿಂದಲೇ ಆ ಚೈತನ್ಯ ಗುಟ್ಟಾಗಿ ಏಳುತ್ತದೆ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹರಿಯುತ್ತದೆ.

ಜೂಮ್ ಬಂದ ಮೇಲೆ ಇದೇ ವಾಕ್ಯವನ್ನು ಎರಡೂ ಕಡೆಯವರು ಎತ್ತಿಕೊಳ್ಳಬಹುದಾಯಿತು. ಒಂದೇ ಕಡೆ ಇಟ್ಟರೆ ಮಾತ್ರ ಎಂದು ಒಬ್ಬರು. ಮುಖ ಕಂಡರೆ ಸಾಕು, ಪರದೆಯಲ್ಲಿ ಮುಖವೇ ತಾನೆ ಕಾಣುವುದು ಎಂದು ಇನ್ನೊಬ್ಬರು.

ಕಟ್ಟಡದ ಹಂಗಿಲ್ಲದವರು

ಜಾಗದ ವಿಷಯದಲ್ಲಿ ಕ್ವೇಕರರ ಇತಿಹಾಸ ಜೂಮ್ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಫಾಕ್ಸ್ ಚರ್ಚುಗಳನ್ನು ಚರ್ಚ್ ಎಂದು ಕರೆಯಲೂ ಒಪ್ಪುತ್ತಿರಲಿಲ್ಲ, ಗೋಪುರದ ಮನೆ ಎಂದು ಹಂಗಿಸುತ್ತಿದ್ದ. ದೇವರಿರುವುದು ಜನರಲ್ಲಿ, ಕಲ್ಲುಗಾರೆಯಲ್ಲಲ್ಲ ಎಂಬ ಹಟ. 1664ರ ಕಾನೂನೊಂದು, ಆಂಗ್ಲಿಕನ್ ಪದ್ಧತಿಗೆ ಹೊರತಾದ ಆರಾಧನೆಗೆ ಮನೆಯವರಲ್ಲದ ಐದು ಅಥವಾ ಹೆಚ್ಚು ಜನ ಸೇರಕೂಡದು ಎಂದು ವಿಧಿಸಿತು. ಉಳಿದ ಭಿನ್ನಮತೀಯರಲ್ಲಿ ಹಲವರು ಕದ್ದುಮುಚ್ಚಿ ಸೇರಿದರೆ ಕ್ವೇಕರರು ಬಾಗಿಲು ತೆರೆದೇ ಕೂತು ಸೆರೆಗೆ ಹೋದರು. 1670ರಲ್ಲಿ ಲಂಡನ್ನಿನ ಹಾರ್ಸ್ಲಿಡೌನ್ ಸಭಾಮನೆಯನ್ನು ಸರ್ಕಾರ ಕೆಡವಿಸಿತು. ಅವರು ಅವಶೇಷಗಳ ರಾಶಿಯ ಮೇಲೆಯೇ ಸಭೆ ಸೇರಿದರು. ಅದೇ ವರ್ಷ ಗ್ರೇಸ್‌ಚರ್ಚ್ ಸ್ಟ್ರೀಟ್‌ನ ಸಭಾಮನೆಗೆ ಸೈನಿಕರು ಅಡ್ಡ ನಿಂತಾಗ ಕ್ವೇಕರ್ ನಾಯಕ ವಿಲಿಯಂ ಪೆನ್ ಬೀದಿಯಲ್ಲೇ ನಿಂತು ಮಾತಾಡಿ ಬಂಧನಕ್ಕೊಳಗಾದ. ಬ್ರಿಸ್ಟಲ್‌ನಲ್ಲಿ 1682ರಲ್ಲಿ ದೊಡ್ಡವರೆಲ್ಲ ಜೈಲು ಸೇರಿದ್ದಾಗ ಮಕ್ಕಳೇ ಸಭೆ ನಡೆಸಿದರು.

ಅಂದಿನ ಕಾನೂನಿಗೆ ಬಗ್ಗದವರ ವಾರಸುದಾರರು 2020ರಲ್ಲಿ ಸರ್ಕಾರದ ಮಾತಿಗೆ ತಕರಾರಿಲ್ಲದೆ ಬಾಗಿಲು ಮುಚ್ಚಿದರು. ಇದರಲ್ಲಿ ವಿರೋಧಾಭಾಸ ಹುಡುಕಬೇಕಿಲ್ಲ. 1664ರ ನಿಯಮದ ಗುರಿ ಅವರ ಆರಾಧನೆಯನ್ನು ಅಡಗಿಸುವುದು, 2020ರ ನಿಯಮದ ಗುರಿ ಪಕ್ಕದಲ್ಲಿ ಕೂತವರ ಉಸಿರನ್ನು ಕಾಯುವುದು.

ಹೀಗೆ ಬಂಡೆ, ಬಯಲು, ಬೀದಿ ಎಲ್ಲಿ ಬೇಕಾದರೂ ನಡೆಯುವ ಸಭೆ ಜೂಮ್‌ನಲ್ಲಿ ಯಾಕೆ ನಡೆಯಬಾರದು? ನಡೆಯಿತು. ಅದೂ ಉಳಿದವರಿಗಿಂತ ಸಲೀಸಾಗಿ. ಅದಕ್ಕೆ ಧರ್ಮಶಾಸ್ತ್ರದಷ್ಟೇ ತಂತ್ರಜ್ಞಾನವೂ ಕಾರಣ. ಇಂಟರ್ನೆಟ್‌ನಲ್ಲಿ ಧ್ವನಿ ಒಂದೂರಿಂದ ಇನ್ನೊಂದೂರಿಗೆ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಮಾತುಕತೆಗೆ ಅಷ್ಟು ತಡ ನಡೆಯುತ್ತದೆ. ಜೊತೆಯಾಗಿ ಹಾಡುವವರಿಗೆ ಮಾತ್ರ ಅದು ತಾಳ ತಪ್ಪಿಸುತ್ತದೆ. ಮುವ್ವತ್ತು ಜನ ಒಂದೇ ಕೀರ್ತನೆ ಎತ್ತಿಕೊಂಡರೆ ಕೇಳುವುದು ಬರೀ ಗದ್ದಲ. ಮೇಲಾಗಿ ಈ ಸಾಫ್ಟ್‌ವೇರು ಒಂದು ಹೊತ್ತಿಗೆ ಒಬ್ಬರ ದನಿಯನ್ನಷ್ಟೇ ಮುಂದೆ ತಂದು ಉಳಿದದ್ದನ್ನು ಹತ್ತಿಕ್ಕುವಂತೆ ರೂಪುಗೊಂಡಿದೆ. ಒಟ್ಟಿಗೆ ಹಾಡುವ ಧರ್ಮಗಳಿಗೆ ಇದು ಶಾಪ. ಒಬ್ಬರು ಮಾತಾಡಿ ಮುಗಿಸುವ ತನಕ, ಮುಗಿಸಿದ ಮೇಲೂ ಬಹಳ ಹೊತ್ತು ಉಳಿದವರೆಲ್ಲ ಸುಮ್ಮನಿರುವ ಕ್ವೇಕರರಿಗೆ ಹೇಳಿ ಮಾಡಿಸಿದ ಹಾಗೆ. ಮೌನಕ್ಕೆ ತಾಳ ತಪ್ಪುವ ಭಯವಿಲ್ಲ.

ಮ್ಯೂಟ್‌ನ ಮೌನ ಯಾಕೆ ಬೇರೆ

ಆದರೂ ಏನೋ ಕೊರತೆ ಇದೆ ಎಂದು ಬಹಳ ಮಂದಿಗೆ ಅನ್ನಿಸಿತು. ಅದು ಬರೀ ಹಳೆಯ ಅಭ್ಯಾಸದ ಮೋಹವಲ್ಲ ಎಂದು ನನಗೆ ತೋರುತ್ತದೆ. ಕೋಣೆಯ ಮೌನದಲ್ಲಿ ಸದ್ದಿರುತ್ತದೆ. ಯಾರದೋ ಹೊಟ್ಟೆ ಗುಡುಗುಡು ಎನ್ನುತ್ತದೆ, ಹೀಟರ್ ಟಿಕ್ ಎನ್ನುತ್ತದೆ, ಮಳೆ ಬರುತ್ತದೆ, ಬಸ್ಸು ಹೋಗುತ್ತದೆ. ಇವನ್ನೆಲ್ಲ ನಾಲ್ವತ್ತು ಜನ ಒಂದೇ ಕ್ಷಣ ಕೇಳುತ್ತಾರೆ. ನಾವು ಒಂದೇ ಕಡೆ ಇದ್ದೇವೆ ಎಂದು ಕಿವಿ ಕ್ಷಣಕ್ಷಣಕ್ಕೂ ಹೇಳುತ್ತಿರುತ್ತದೆ. ಜೂಮ್‌ನಲ್ಲಿ ಎಲ್ಲರೂ ಮ್ಯೂಟ್ ಒತ್ತಿದರೆ ಅತ್ತಲಿಂದ ಬರುವುದು ಪೂರ್ತಿ ಸೊನ್ನೆ. ಕೇಳುವುದು ನಮ್ಮ ಮನೆಯ ಫ್ರಿಜ್ಜು, ನಮ್ಮ ಮೇಲ್ಮನೆಯವರ ಹೆಜ್ಜೆ. ಕಣ್ಣಿಗೆ ನಾಲ್ವತ್ತು ಜನ, ಕಿವಿಗೆ ನಾವೊಬ್ಬರೇ. ಸಭೆಯಲ್ಲಿ ಬಹುಪಾಲು ಹೊತ್ತು ಕಣ್ಣು ಮುಚ್ಚಿಕೊಳ್ಳುವವರೇ ಹೆಚ್ಚು. ಕಣ್ಣು ಮುಚ್ಚಿದರೆ ಸಭೆಯೇ ಕರಗುತ್ತದೆ.

ಮೈಕ್ ತೆರೆದಿಟ್ಟರೆ ಸರಿಹೋಗುವುದೇ? ಕೆಲವು ಸಣ್ಣ ಗುಂಪುಗಳು ಹಾಗೂ ಮಾಡಿ ನೋಡಿದವು. ಆಗ ಸಾಫ್ಟ್‌ವೇರು ನಡುವೆ ಬಾಯಿ ಹಾಕುತ್ತದೆ. ಮಾತಲ್ಲದ ಸದ್ದೆಲ್ಲ ಅದರ ಲೆಕ್ಕದಲ್ಲಿ ಕಸ, ಗುಡಿಸಿ ಹಾಕುತ್ತದೆ. ಅದರ ಕೈ ಮೀರಿದ ಸದ್ದು ಬಂದರೆ, ಯಾರೋ ಕೆಮ್ಮಿದರೆ ಅಥವಾ ನಾಯಿ ಬೊಗಳಿದರೆ, ಅವರ ಚೌಕಟ್ಟಿಗೆ ಬಣ್ಣದ ಅಂಚು ಬರುತ್ತದೆ, ಅವರೇನೋ ಮಹತ್ವದ್ದು ನುಡಿದರು ಎಂಬಂತೆ. ಸಭೆಯ ಹಿನ್ನೆಲೆ ಸದ್ದನ್ನು ತುಸುವಾದರೂ ಉಳಿಸಿಕೊಳ್ಳಲು ಮೂಲ ಧ್ವನಿಯನ್ನು ಹಾಗೆಯೇ ಕಳಿಸುವ ಆಯ್ಕೆಯನ್ನು ಹಾಕಿಕೊಳ್ಳಬೇಕಾಗುತ್ತದೆ.

ಇನ್ನೊಂದು ಕಿರಿಕಿರಿ, ಸ್ವಂತ ಮುಖ. ಕೋಣೆಯಲ್ಲಿ ನಮ್ಮ ಮುಖ ನಮಗೆ ಕಾಣುವುದಿಲ್ಲ. ಜೂಮ್‌ನಲ್ಲಿ ಗಂಟೆಗಟ್ಟಲೆ ಕನ್ನಡಿ ಮುಂದೆ ಕೂತಂತೆ, ಅದೂ ನಾನು ಎಂಬುದನ್ನು ಬದಿಗಿಡಲು ಬಂದ ಹೊತ್ತಿನಲ್ಲಿ. ತನ್ನ ಚಿತ್ರವನ್ನು ತನಗೆ ಕಾಣದಂತೆ ಮರೆಮಾಡುವ ಗುಂಡಿ ಇದೆ. ಹೊಸಬರಿಗೆ ಮೊದಲು ತೋರಿಸಿಕೊಡಬೇಕಾದದ್ದು ಅದನ್ನೇ ಎಂಬುದು ನನ್ನ ಅಭಿಪ್ರಾಯ.

ಮಿನಿಸ್ಟ್ರಿಯ ಮಾತೇ ಬೇರೆ. ಕೋಣೆಯಲ್ಲಿ ಮಾತಾಡಬೇಕಾದರೆ ಏಳಬೇಕು. ಕುರ್ಚಿ ಕಿರುಗುಟ್ಟುತ್ತದೆ, ಎಲ್ಲರ ಗಮನ ತಿರುಗುತ್ತದೆ, ಹಿಂದೆ ಸರಿಯಲು ಕೊನೆಯ ಅವಕಾಶವೂ ಆ ಎರಡು ಸೆಕೆಂಡಿನಲ್ಲೇ ಇರುತ್ತದೆ. ಪರದೆಯಲ್ಲಿ ಒಂದು ಕ್ಲಿಕ್. ಮಾತು ಅಗ್ಗವಾಗುತ್ತದೆ, ಒಬ್ಬರ ಹಿಂದೊಬ್ಬರು ಸಿಡಿಯಲು ಶುರುಮಾಡುತ್ತಾರೆ ಎಂಬ ಭಯ ಇತ್ತು. ಅಮೆರಿಕದ ಫ್ರೆಂಡ್ಸ್ ಅಂಥ ಸಭೆಯನ್ನು ಪಾಪ್‌ಕಾರ್ನ್ ಮೀಟಿಂಗ್ ಎಂದು ಗೇಲಿ ಮಾಡುತ್ತಾರೆ. ಇದಕ್ಕೆ ಅಡ್ಡಗಾಲು ಹಾಕಿದ್ದು ಯಂತ್ರದ ಒರಟುತನವೇ. ಮೌಸ್ ಹುಡುಕಿ, ಕನ್ನಡಕ ಹಾಕಿ, ಗುಂಡಿ ಹುಡುಕಿ, ಒತ್ತುವಷ್ಟರಲ್ಲಿ ಹಲವರಿಗೆ ತಮ್ಮ ಮಾತು ಬೇಕಿಲ್ಲ ಅನ್ನಿಸಿಬಿಡುತ್ತದೆ. ಒತ್ತಲು ಮರೆತು ಎರಡು ನಿಮಿಷ ಮನಮುಟ್ಟುವಂತೆ ತುಟಿ ಆಡಿಸುವವರೂ ಇದ್ದಾರೆ. ಆಗ ಮೌನ ಮುರಿದು ಕೇಳಿಸುತ್ತಿಲ್ಲ ಎನ್ನುವುದು ಎಲ್ಡರ್‌ನ ಕರ್ತವ್ಯ.

ಎಲ್ಡರ್‌ಗಳ ಕೆಲಸವೇ ಬದಲಾಯಿತು. ಮೊದಲು ಅವರು ಬಾಗಿಲಲ್ಲಿ ನಿಂತು ಬಂದವರ ಕೈಕುಲುಕಿ, ಆಮೇಲೆ ಸಭೆಯ ಆಳವನ್ನು ಮನಸ್ಸಿನಲ್ಲೇ ಹಿಡಿದು ಕೂರುತ್ತಿದ್ದರು. ಈಗ ಒಬ್ಬರು ವೇಟಿಂಗ್ ರೂಮ್ ಕಾಯಬೇಕು. 2020ರಲ್ಲಿ ಯಾರೋ ಪುಂಡರು ಅಪರಿಚಿತ ಜೂಮ್ ಸಭೆಗಳಿಗೆ ನುಗ್ಗಿ ಅಸಹ್ಯ ಚಿತ್ರ ತೋರಿಸುವ ಹಾವಳಿ ಇತ್ತು. ಎಲ್ಲರನ್ನೂ ಸ್ವಾಗತಿಸುವ ಧರ್ಮ ಬಾಗಿಲಿಗೆ ಚಿಲಕ ಹಾಕುವುದನ್ನು ಕಲಿಯಬೇಕಾಯಿತು. ಒಳಬಂದವರಿಗೆಲ್ಲ ಡಿಂಗ್ ಎನ್ನುವ ಗಂಟೆಯನ್ನು ಆರಿಸಬೇಕು. ಚಾಟ್ ಮುಚ್ಚಬೇಕು, ಇಲ್ಲದಿದ್ದರೆ ಮೌನದ ನಡುವೆ ಬೆರಳಿನ ಹರಟೆ ಶುರು. ಪುಕ್ಕಟೆ ಖಾತೆಯಾದರೆ ಗುಂಪುಸಭೆ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಕ್ವೇಕರ್ ಸಭೆ 60 ನಿಮಿಷದ್ದು. ಹಾಗಾಗಿ ಖಜಾಂಚಿಯನ್ನೂ ಒಪ್ಪಿಸಬೇಕು. ಕೈಕುಲುಕುವ ಬದಲು ಎಲ್ಲರೂ ಮ್ಯೂಟ್ ತೆಗೆದು ಕೈಬೀಸುತ್ತಾರೆ. ಆಮೇಲಿನ ಚಹಾ ಹರಟೆ ಬ್ರೇಕ್‌ಔಟ್ ರೂಮ್‌ಗಳಲ್ಲಿ, ನಾಲ್ಕು ನಾಲ್ಕು ಜನ. ಇಷ್ಟನ್ನೆಲ್ಲ ನೋಡಿಕೊಳ್ಳುವವರು ಮಾತ್ರ ಆ ಗಂಟೆ ಆರಾಧಿಸುವುದು ಕಷ್ಟ. ಅದಕ್ಕೇ ಈ ಪಾಳಿಯನ್ನು ಸರದಿಯ ಮೇಲೆ ಹಂಚುತ್ತಾರೆ.

ಯಾರಿಗೆ ಬಾಗಿಲು ತೆರೆಯಿತು

ಇಷ್ಟು ಕೊರತೆ ಪಟ್ಟಿ ಮಾಡಿದ ಮೇಲೂ, 2020ಕ್ಕೆ ಮುಂಚೆಯೇ ಆನ್‌ಲೈನ್ ಆರಾಧನೆ ಇತ್ತು ಎಂಬುದನ್ನು ಮರೆಯಬಾರದು. ಜಾರ್ಜ್ ಕ್ಯಾಡ್ಬರಿ ಕೊಟ್ಟ ಮನೆಯಲ್ಲಿ 1903ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮ್‌ನ ವುಡ್‌ಬ್ರೂಕ್ ಅಧ್ಯಯನ ಕೇಂದ್ರ ಸೋಂಕಿಗೆ ಮೊದಲೇ ಇಂಥ ಸಭೆ ನಡೆಸುತ್ತಿತ್ತು. ಹತ್ತಿರದ ಸಭೆಗೆ ನೂರಾರು ಮೈಲಿ ಹೋಗಬೇಕಾದವರು, ಹಾಸಿಗೆ ಹಿಡಿದವರು, ಹಾಸಿಗೆ ಹಿಡಿದವರನ್ನು ಬಿಟ್ಟು ಹೊರಡಲಾಗದವರು, ಇವರಿಗೆ ಅದೇ ಆಸರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1930ರಿಂದ ಇರುವ ಪೆಂಡಲ್ ಹಿಲ್ ಕೇಂದ್ರ, ತನ್ನ ಹಳೆಯ ಕೊಟ್ಟಿಗೆಯ ಕೋಣೆಯಲ್ಲಿ ದಿನವೂ ಬೆಳಗ್ಗೆ ನಡೆಯುತ್ತಿದ್ದ ಮೌನವನ್ನು 2020ರ ಮಾರ್ಚ್‌ನಲ್ಲಿ ಜೂಮ್‌ಗೆ ತಂದಿತು. ಕೊಟ್ಟಿಗೆಯಲ್ಲಿ ಹಿಡಿಯದಷ್ಟು ಜನ, ಬೇರೆ ಬೇರೆ ದೇಶಗಳವರು, ಅಲ್ಲಿ ಸೇರತೊಡಗಿದರು.

ಕಿವಿ ಮಂದವಾದವರ ಲಾಭವನ್ನು ಯಾರೂ ಮೊದಲೇ ಎಣಿಸಿರಲಿಲ್ಲ. ಮೌನದಿಂದೆದ್ದು ಮಾತಾಡುವವರ ದನಿ ಸಾಮಾನ್ಯವಾಗಿ ಸಣ್ಣದು, ಕೆಲವರು ನೆಲ ನೋಡಿಕೊಂಡು ಗೊಣಗುತ್ತಾರೆ. ಸರಾಸರಿ ವಯಸ್ಸು ಹೆಚ್ಚಿರುವ ಬ್ರಿಟಿಷ್ ಸಭೆಗಳಲ್ಲಿ ಇದು ಮುಗಿಯದ ದೂರು. ಹೆಡ್‌ಫೋನ್‌ನಲ್ಲಿ ಅದೇ ದನಿ ಕಿವಿಯೊಳಗೇ ಬರುತ್ತದೆ, ಕೆಳಗೆ ಅಕ್ಷರಗಳೂ ಮೂಡುತ್ತವೆ. ಕಳೆದುಕೊಂಡವರೂ ಇದ್ದಾರೆ: ಕಂಪ್ಯೂಟರ್ ಇಲ್ಲದವರು, ವಾರವಿಡೀ ಪರದೆ ನೋಡಿ ಸೋತವರು, ಎಲ್ಲರಿಗಿಂತ ಹೆಚ್ಚಾಗಿ ಮಕ್ಕಳು. ಕೋಣೆಯಲ್ಲಿ ಕಾಲು ಗಂಟೆ ದೊಡ್ಡವರ ಜೊತೆ ಕೂತು ಆಮೇಲೆ ತಮ್ಮ ಆಟಪಾಠಕ್ಕೆ ಓಡುತ್ತಿದ್ದ ಮಕ್ಕಳನ್ನು ಲ್ಯಾಪ್‌ಟಾಪ್ ಮುಂದೆ ಸುಮ್ಮನೆ ಕೂರಿಸುವುದು ಶಿಕ್ಷೆಯೇ ಸರಿ.

ಆಡಳಿತದ ಸಭೆಗಳು ಅಚ್ಚರಿಯೆಂಬಂತೆ ಸುಗಮವಾದವು. ಕ್ವೇಕರರು ಮತ ಹಾಕುವುದಿಲ್ಲ. ಅದೇ ಮೌನದಲ್ಲಿ ಕೂತು, ಒಬ್ಬೊಬ್ಬರಾಗಿ ಮಾತಾಡಿ, ಸಭೆಯ ಒಟ್ಟು ಮನಸ್ಸು ಎತ್ತ ವಾಲುತ್ತಿದೆ ಎಂದು ಸಭೆ ನಡೆಸುವ ಕ್ಲರ್ಕ್ ಗ್ರಹಿಸಿ ಅಲ್ಲೇ ನಿರ್ಣಯ ಬರೆಯುತ್ತಾರೆ. ಅದನ್ನು ಓದಿದಾಗ ಒಪ್ಪಿಗೆಯಿದ್ದವರು ಬ್ರಿಟನ್‌ನಲ್ಲಿ ಹೋಪ್ ಸೋ ಎನ್ನುತ್ತಾರೆ, ಹಾಗೇ ಆಗಲೆಂದು ಆಶಿಸುತ್ತೇನೆ ಎಂಬ ಸಂಕೋಚದ ಒಪ್ಪಿಗೆ. ಕರಡನ್ನು ಪರದೆಯಲ್ಲೇ ಹಂಚಿಕೊಂಡರೆ ಎಲ್ಲರೂ ಓದಬಹುದು. ಬ್ರಿಟನ್ನಿನ ಇಡೀ ದೇಶದ ವಾರ್ಷಿಕ ಸಭೆಯೇ 2021ರಲ್ಲಿ ಆನ್‌ಲೈನ್‌ನಲ್ಲಿ ನಡೆಯಿತು. ಆದರೆ ಬಾಯಿಬಿಟ್ಟು ಹೇಳದ ಅಸಮಾಧಾನವನ್ನು, ಕೂತಲ್ಲೇ ಮಿಸುಕಾಡುವುದನ್ನು, ಅಂಗೈಯಗಲದ ಚೌಕದಲ್ಲಿ ಓದುವುದು ಕ್ಲರ್ಕ್‌ಗೆ ಕಷ್ಟ.

ಅರ್ಧ ಕೋಣೆ, ಅರ್ಧ ಪರದೆ

ನಿಜವಾದ ಪೇಚು ಬಂದದ್ದು ಬಾಗಿಲುಗಳು ಮತ್ತೆ ತೆರೆದಾಗ. ಕೋಣೆಗೆ ಬರುವವರು ಬಂದರು. ಆನ್‌ಲೈನ್‌ನಲ್ಲಿ ಹೊಸದಾಗಿ ಸೇರಿದವರನ್ನು ಇನ್ನು ಸಾಕು ಎಂದು ಕಳಿಸುವುದು ಹೇಗೆ? ಹೀಗೆ ಹುಟ್ಟಿದ್ದು ಮಿಶ್ರ ಸಭೆ, ಬ್ಲೆಂಡೆಡ್ ಮೀಟಿಂಗ್. ಪೂರ್ತಿ ಕೋಣೆಯ ಸಭೆಗಿಂತಲೂ ಪೂರ್ತಿ ಪರದೆಯ ಸಭೆಗಿಂತಲೂ ಇದು ಕಷ್ಟದ್ದು. ಪೂರ್ತಿ ಆನ್‌ಲೈನ್ ಆದಾಗ ಎಲ್ಲರ ಕೊರತೆಯೂ ಒಂದೇ, ಅದರಲ್ಲೇ ಒಂದು ಸಮಾನತೆ ಇದೆ. ಮಿಶ್ರವಾದ ಕೂಡಲೇ ಒಳಗಿನವರು, ಹೊರಗಿನವರು ಎಂಬ ಎರಡು ಜಾತಿ.

ಕ್ವೇಕರ್ ಕೋಣೆಯಲ್ಲಿ ಕುರ್ಚಿಗಳು ವೃತ್ತವಾಗಿಯೋ ಚೌಕವಾಗಿಯೋ ಇರುತ್ತವೆ, ನಡುವೆ ಒಂದು ಮೇಜು, ಹೂವು, ಒಂದೆರಡು ಪುಸ್ತಕ. ಮುಂದು, ಹಿಂದು, ವೇದಿಕೆ ಎಂಬುದಿಲ್ಲ. ಅಲ್ಲಿಗೆ ದೊಡ್ಡ ಟಿವಿ ತಂದು ಗೋಡೆಗೆ ಹಾಕಿದರೆ 370 ವರ್ಷ ಬೇಡವೆಂದು ದೂರವಿಟ್ಟ ಬಲಿಪೀಠ ತಾನೇ ಬಂದು ಕೂತಂತೆ. ಎಲ್ಲ ಕಣ್ಣೂ ಅತ್ತಲೇ. ಅದಕ್ಕೆ ಕೆಲವು ಸಭೆಗಳು ಪರದೆಯನ್ನು ಕುರ್ಚಿಯ ಎತ್ತರಕ್ಕಿಳಿಸಿ ವೃತ್ತದ ಒಂದು ಆಸನವನ್ನಾಗಿಸುತ್ತವೆ. ನಡುಮೇಜಿನ ಹೂವಿನ ಪಕ್ಕದಲ್ಲಿ ಸುತ್ತಲೂ ನೋಡುವ ಕ್ಯಾಮೆರಾ, ಎಲ್ಲ ದಿಕ್ಕಿನಿಂದ ಹೀರುವ ಮೈಕು. ಕೋಣೆಯಲ್ಲಿ ಕೂತವರು ತಮ್ಮ ಫೋನ್‌ನಲ್ಲೂ ಅದೇ ಸಭೆ ತೆರೆದರೆ ಕಿವಿಗಡಚಿಕ್ಕುವ ಪ್ರತಿಧ್ವನಿ. ದೂರದವರು ಮಾತಾಡಿದಾಗ ದನಿ ಛಾವಣಿಯ ಸ್ಪೀಕರ್‌ನಿಂದ ಇಳಿದರೆ ಆಕಾಶವಾಣಿಯಾಗುತ್ತದೆ, ಪಕ್ಕದ ಸಾಧಾರಣ ಮನುಷ್ಯನ ಮಾತಿಗಿಲ್ಲದ ಅಧಿಕಾರ ಅದಕ್ಕೆ ಬಂದುಬಿಡುತ್ತದೆ. ಹಾಗಾಗಿ ಸ್ಪೀಕರ್ ಎಲ್ಲಿಡಬೇಕು ಎಂಬುದು ಇಲ್ಲಿ ಧರ್ಮಶಾಸ್ತ್ರದ ಪ್ರಶ್ನೆಯೂ ಹೌದು.

ಇದಕ್ಕೆ ಪರಿಹಾರವೆಂದು ಹಲವು ಕಡೆ ಬೆರೆಸುವುದನ್ನೇ ಬಿಟ್ಟು, ಭಾನುವಾರ ಕೋಣೆಯಲ್ಲಿ, ವಾರದ ನಡುವೆ ಒಂದು ಸಂಜೆ ಪೂರ್ತಿ ಆನ್‌ಲೈನ್ ಎಂದು ಪಾಲು ಮಾಡಿಕೊಂಡಿದ್ದಾರೆ. ನನಗೂ ಅದೇ ನೇರ್ಪು ಎನ್ನಿಸುತ್ತದೆ, ಆದರೆ ಭಾನುವಾರವೇ ಬೇಕೆನ್ನುವ, ಮನೆ ಬಿಟ್ಟು ಬರಲಾಗದ ಒಬ್ಬರಿದ್ದರೂ ಆ ಸಲಹೆ ಕಠೋರವಾಗುತ್ತದೆ.

ಇನ್ನೂ ಬಗೆಹರಿಯದ್ದು ಸದಸ್ಯತ್ವದ ವಿಷಯ. ಬ್ರಿಟನ್‌ನಲ್ಲಿ ಕ್ವೇಕರ್ ಸದಸ್ಯತ್ವ ಒಂದು ಪ್ರದೇಶದ ಸಭೆಗೆ ಸೇರಿದ್ದು. ಕಾಯಿಲೆ ಬಿದ್ದರೆ ಸಾರು ತಂದುಕೊಡುವವರು, ಸತ್ತರೆ ಮಣ್ಣಿಗೆ ಬರುವವರು, ಛಾವಣಿ ಸೋರಿದರೆ ಚಂದಾ ಹಾಕುವವರು ಎಲ್ಲ ಆ ಪ್ರದೇಶದವರೇ. ಇನ್ನೊಂದು ಖಂಡದಿಂದ ಪ್ರತಿ ವಾರ ತಪ್ಪದೆ ಪರದೆಯಲ್ಲಿ ಬಂದು ಕೂರುವವರು ಯಾವ ಲೆಕ್ಕ? ಇತ್ತ ವುಡ್‌ಬ್ರೂಕ್ 2023ರಲ್ಲಿ ತನ್ನ ಶತಮಾನದ ಮನೆಯನ್ನೇ ಬಿಟ್ಟಿತು. ಅತ್ತ 2024ರ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸೇರಿದ ಕ್ವೇಕರರ ಜಾಗತಿಕ ಸಮಾವೇಶಕ್ಕೆ ಹೋಗಲಾಗದವರು ಆನ್‌ಲೈನ್‌ನಲ್ಲೇ ಕೂಡಿಕೊಂಡರು.

ಭಾರತದಲ್ಲಿ ಹಳೆಯ ಕ್ವೇಕರ್ ನೆಲೆಗಳಿರುವುದು ಮಧ್ಯಪ್ರದೇಶದ ಹೋಶಂಗಾಬಾದ್ (ಈಗಿನ ನರ್ಮದಾಪುರಂ) ಸುತ್ತ ಮತ್ತು ಬುಂದೇಲಖಂಡದ ಛತ್ತರ್‌ಪುರದಲ್ಲಿ, 19ನೇ ಶತಮಾನದ ಮಿಷನ್ನುಗಳ ಕಾಲದಿಂದ. ಅಷ್ಟು ದೂರ ಹೋಗದೆ ನೋಡುವ ಕುತೂಹಲವಿದ್ದರೆ ಗಡಿಯಾರದ ಲೆಕ್ಕ ಹೀಗಿದೆ: ಬ್ರಿಟನ್‌ನ ಭಾನುವಾರ ಬೆಳಗಿನ ಹತ್ತೂವರೆ ಎಂದರೆ ಬೇಸಗೆಯಲ್ಲಿ ನಮಗೆ ಮಧ್ಯಾಹ್ನ ಮೂರು, ಚಳಿಗಾಲದಲ್ಲಿ ನಾಲ್ಕು. ಪೆಂಡಲ್ ಹಿಲ್‌ನ ಎಂಟೂವರೆ ನಮಗೆ ಸಂಜೆ ಆರು ಅಥವಾ ಏಳು. ಐದು ನಿಮಿಷ ಮುಂಚೆ ಹೋಗಿ, ವೇಟಿಂಗ್ ರೂಮ್‌ನಲ್ಲಿ ಗುರುತು ಸಿಗುವಂತೆ ಹೆಸರು ಬರೆದುಕೊಳ್ಳಿ, ಮ್ಯೂಟ್ ಒತ್ತಿ, ಸ್ವಂತ ಮುಖ ಮರೆಮಾಡಿ. ಕೆಲವು ಗುಂಪುಗಳು ಕ್ಯಾಮೆರಾ ತೆರೆದಿರಲಿ ಎನ್ನುತ್ತವೆ, ಕೆಲವು ನಿಮ್ಮಿಷ್ಟ ಎನ್ನುತ್ತವೆ. ರೆಕಾರ್ಡ್ ಮಾಡಬೇಡಿ. ಇಡೀ ಗಂಟೆ ಯಾರೂ ಬಾಯಿ ಬಿಡದಿದ್ದರೆ ನೆಟ್‌ವರ್ಕ್ ಹೋಗಿದೆ ಎಂದುಕೊಂಡು ಲಿಂಕ್ ಮತ್ತೆ ಒತ್ತಲು ಹೋಗಬೇಡಿ.